ಜಾಮೀನು ಸಹಿ

ನಮ್ಮೂರಿನ ಶಾಖಾ ಗ್ರಂಥಾಲಯಕ್ಕೆ ನಾನು ಸದಸ್ಯನಾದದ್ದು 1984ರಲ್ಲಿ, ಹನ್ನೆರಡನೇ ವಯಸ್ಸಿಗೆ. ಕಂದಾಯ ಕಟ್ಟುವವರೊಬ್ಬರ ಜಾಮೀನು ಸಹಿ ಬೇಕಿತ್ತು. ಎದುರು ಮನೆಯ ಕಿರಾಣಿ ಅಂಗಡಿಯವರು ‘ಪುಸ್ತಕ ಕಳೆದರೆ ನಿಮ್ಮಪ್ಪನ ಲೆಕ್ಕಕ್ಕೆ ಬರ್ಕೋತೀನಿ’ ಎಂದು ಹೇಳಿಯೇ ಸಹಿ ಹಾಕಿದರು.

ಆ ಕಾಲವನ್ನು ಹೊಗಳುವಂಥದ್ದೇನಿಲ್ಲ. ಬೀರುಗಳಿಗೆ ಬೀಗ; ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋದರೆ ಸಂಜೆಗೇ ಬರುವುದು. ಪತ್ತೇದಾರಿ ಕಾದಂಬರಿಗಳ ಕೊನೆಯ ಪುಟಗಳನ್ನು ಯಾರೋ ಹರಿದೊಯ್ದಿರುತ್ತಿದ್ದರು. ಕೊಲೆಗಾರ ಯಾರೆಂದು ನನಗೆ ಇವತ್ತಿಗೂ ಗೊತ್ತಾಗದ ಕಥೆಗಳು ನಾಲ್ಕೈದಿವೆ. ಆದರೆ ಒಂದು ವ್ಯವಹಾರ ಮಾತ್ರ ಸರಳವಾಗಿತ್ತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಸೆಸ್ ವಸೂಲಾಗುತ್ತಿತ್ತು. ಆ ದುಡ್ಡಿನಲ್ಲಿ ಪುಸ್ತಕ ಬರುತ್ತಿತ್ತು. ಶೀರ್ಷಿಕೆ ಪುಟದಲ್ಲೊಂದು, ಗುಟ್ಟಿನ ಪುಟದಲ್ಲೊಂದು ನೇರಳೆ ಮೊಹರು ಬಿದ್ದರೆ ಮುಗಿಯಿತು, ಪುಸ್ತಕ ಗ್ರಂಥಾಲಯದ್ದು. ಮಾರಿದ ಪ್ರತಿಯನ್ನು ಯಾರಿಗೆ, ಎಷ್ಟು ಸಲ ಎರವಲು ಕೊಡುತ್ತೀರಿ ಎಂದು ಕೇಳುವ ಅಧಿಕಾರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರಕಾಶಕರಿಗೆ ಇರಲಿಲ್ಲ, ಈಗಲೂ ಇಲ್ಲ.

2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯ ಶುರುವಾದಾಗ ಮಂಚದ ಮೇಲೆ ಕೂತೇ ಸದಸ್ಯನಾದೆ. ಬೀಗವಿಲ್ಲ, ಹರಿದ ಪುಟವಿಲ್ಲ. ಹುಡುಗನಾಗಿದ್ದಾಗ ಓದಿದ್ದ ಒಂದು ಪ್ರವಾಸ ಕಥನ ಮಾತ್ರ ಅಲ್ಲಿ ಸಿಗಲಿಲ್ಲ. ಮರುಮುದ್ರಣವಾಗದ್ದರಿಂದ ಅಂಗಡಿಗಳಲ್ಲೂ ಇಲ್ಲ. ಕೊನೆಗೆ ದೂರದ ಊರಿನ ಗ್ರಂಥಾಲಯವೊಂದು ಅದನ್ನು ಸ್ಕ್ಯಾನ್ ಮಾಡಿಟ್ಟಿದೆ ಎಂದು ತಿಳಿಯಿತು. ಫೋನ್ ಮಾಡಿ ‘ಕಳಿಸ್ತೀರಾ?’ ಎಂದೆ.

‘ಇಟ್ಕೋಬಹುದು ಸಾರ್, ಕಳಿಸೋ ಹಾಗಿಲ್ಲ.’

ಅವರು ಹೇಳಿದ್ದು ಸರಿ. ತನ್ನಲ್ಲಿರುವ ಮುದ್ರಿತ ಪುಸ್ತಕವನ್ನು ಡಿಜಿಟಲ್ ರೂಪದಲ್ಲಿ ಕಾಪಾಡಿಡಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಗ್ರಂಥಾಲಯಕ್ಕೆ ಅವಕಾಶ ಕೊಟ್ಟಿತು, ಹಂಚಲು ಅಲ್ಲ. ಕಾಗದದ ಪುಸ್ತಕ ಕೈ ಬದಲಾಗುತ್ತದೆ ಅಷ್ಟೆ. ಫೈಲು ಕಳಿಸಿದರೆ ಇನ್ನೊಂದು ಪ್ರತಿ ಹುಟ್ಟುತ್ತದೆ. ತಕರಾರು ಅಲ್ಲೇ. ಹಕ್ಕುಸ್ವಾಮ್ಯ ಮುಗಿಯಲು ಲೇಖಕರು ತೀರಿಕೊಂಡು 60 ವರ್ಷ ಕಳೆಯಬೇಕು. ಕೈಲಾಸಂ, ಬಿ.ಎಂ.ಶ್ರೀ ಇಬ್ಬರೂ ಹೋದದ್ದು 1946ರಲ್ಲಿ. ಅವರು ಬದುಕಿದ್ದಾಗ ಅಚ್ಚಾದದ್ದೆಲ್ಲ 2007ರಿಂದ ಎಲ್ಲರ ಸ್ವತ್ತು. ನನ್ನ ಲೇಖಕರು ಹೋದದ್ದು 1981ರಲ್ಲಿ. ಅವಧಿ ಮೊದಲಿನಂತೆ 50 ವರ್ಷವೇ ಇದ್ದಿದ್ದರೆ 2032ಕ್ಕೆ ಸಿಗುತ್ತಿತ್ತು. 1992ರಲ್ಲಿ ಅದಕ್ಕೆ ಹತ್ತು ವರ್ಷ ಸೇರಿಸಿದರು. ಹಾಗಾಗಿ 2042. ಆಗ ನನಗೆ ಎಪ್ಪತ್ತು.

ಕಾಯುವ ಬದಲು ಕಾಯ್ದೆಯನ್ನೇ ಓದಿದೆ. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು ಎಂದು ಸೆಕ್ಷನ್ 52ರಲ್ಲೇ ಇತ್ತು. ಅದನ್ನು ಅವರಿಗೆ ಬರೆದು ಕಳಿಸಿದೆ. ತಿಂಗಳಾದ ಮೇಲೆ ಕರೆ ಬಂತು.

‘ಒಂದು ಪ್ರತಿ ತೆಗೆದು ಬೈಂಡ್ ಮಾಡಿಸಿದ್ದೀವಿ ಸಾರ್. ಹದಿನೈದು ದಿನಕ್ಕೆ ಕೊಡ್ತೀವಿ, ಬನ್ನಿ. ಆದರೆ ನೀವು ಇಲ್ಲಿನ ಸದಸ್ಯರಲ್ಲವಲ್ಲ, ಈ ಊರಲ್ಲಿ ಕಂದಾಯ ಕಟ್ಟೋರು ಒಬ್ಬರ ಜಾಮೀನು ಸಹಿ ಮಾಡಿಸ್ಕೊಂಡು ಬನ್ನಿ.’