ಕಥೆಯೂ ಆಖ್ಯಾಯಿಕೆಯೂ

ಸಂಸ್ಕೃತದ ಹಳೆಯ ಆಲಂಕಾರಿಕರು ಗದ್ಯಪ್ರಬಂಧಗಳನ್ನು ಕಥೆಯೆಂದೂ ಆಖ್ಯಾಯಿಕೆಯೆಂದೂ ಎರಡು ಬಗೆಯಾಗಿ ವಿಂಗಡಿಸಿದ್ದರು. ನಡೆದುದನ್ನು ನಾಯಕನು ತಾನೇ ಹೇಳಿದರೆ ಆಖ್ಯಾಯಿಕೆ. ಕಲ್ಪಿತವಾದುದನ್ನು ಮತ್ತೊಬ್ಬರು ಹೇಳಿದರೆ ಕಥೆ. ಭಾಮಹನು ಈ ಭೇದವನ್ನು ಒತ್ತಿ ಹೇಳಿದನು. ದಂಡಿಯು ಒಪ್ಪಲಿಲ್ಲ. ಹೇಳುವವನು ಯಾರಾದರೇನು, ಇವೆರಡೂ ಒಂದೇ ಜಾತಿ, ಹೆಸರು ಮಾತ್ರ ಎರಡು ಎಂಬುದು ಅವನ ಮತ. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ತಪ್ಪಲ್ಲವೆ ಎಂಬ ಆಕ್ಷೇಪಕ್ಕೆ, ನಡೆದುದನ್ನು ನಡೆದಂತೆ ಹೇಳುವವನಿಗೆ ಆ ದೋಷವು ತಟ್ಟದೆಂದು ಅವನು ಉತ್ತರ ಕೊಟ್ಟಿರುವನು. ಇಂದು ಆತ್ಮಕಥೆ ಬರೆಯುವವರು ಮುನ್ನುಡಿಯಲ್ಲಿ ನಾಲ್ಕು ಪುಟ ಕ್ಷಮೆ ಬೇಡುವ ಬದಲು ಈ ಒಂದು ಮಾತನ್ನು ಹೇಳಿದರೆ ಸಾಕಾಗುತ್ತಿತ್ತು.

ಬಾಣನು ಎರಡನ್ನೂ ಬರೆದನು. ಅವನ ಕಥೆಯ ನಾಯಿಕೆಯ ಹೆಸರೇ ಇಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಆ ಬಗೆಯ ಪುಸ್ತಕಗಳಿಗೆಲ್ಲ ಹೆಸರಾಗಿ ನಿಂತಿದೆ. ಆಖ್ಯಾಯಿಕೆಯಾದ ಹರ್ಷಚರಿತವನ್ನು ಓದುವವರು ಕಡಮೆ. ಓದುವವರೂ ಸಮಾಸಗಳನ್ನು ಬಿಡಿಸುವ ಶ್ರಮದಲ್ಲಿ ಅದರ ಸ್ವಾರಸ್ಯವನ್ನು ಕಳೆದುಕೊಳ್ಳುವುದುಂಟು. ರಾಜನ ಚರಿತ್ರೆಯನ್ನು ಹೇಳಹೊರಟ ಕವಿಯು ಮೊದಲು ತನ್ನದನ್ನೇ ಹೇಳುತ್ತಾನೆ. ಎಳೆತನದಲ್ಲಿಯೇ ತಾಯಿ ತೀರಿಕೊಂಡುದು, ಹದಿನಾಲ್ಕರ ಹರೆಯದಲ್ಲಿ ತಂದೆಯೂ ಹೋದುದು, ಆಮೇಲೆ ಹೇಳುವವರು ಕೇಳುವವರು ಇಲ್ಲದೆ ದೇಶದೇಶ ಅಲೆದು ದೊಡ್ಡವರ ನಗೆಗೆ ಗುರಿಯಾದುದು, ಯಾವುದನ್ನೂ ಮುಚ್ಚಿಡುವುದಿಲ್ಲ. ಜೊತೆಗಿದ್ದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಾನೆ: ಭಾಷಾಕವಿ, ವಿಷವೈದ್ಯ, ಅಕ್ಕಸಾಲಿಗ, ಮದ್ದಳೆ ಬಾರಿಸುವವನು, ಜೂಜುಗಾರ, ನರ್ತಕಿ, ಶೂದ್ರಸ್ತ್ರೀಯಲ್ಲಿ ಹುಟ್ಟಿದ ಇಬ್ಬರು. ಈ ಇಬ್ಬರನ್ನು ಅವನು ಸೋದರರೆಂದೇ ಕರೆದಿರುವನು. ವ್ಯಾಕರಣದ ತೊಡಕಿಲ್ಲದ ಪಟ್ಟಿಯಾದುದರಿಂದ ಇದನ್ನು ಬೇಗನೆ ದಾಟಿಹೋಗುವುದು ಸುಲಭ.

ಆದರೆ ಬಾಣನು ಅವರನ್ನು ಕಂಡನೇ ಹೊರತು, ಅವರು ಬಾಣನನ್ನು ಹೇಗೆ ಕಂಡರೆಂಬುದು ಯಾರಿಗೂ ತಿಳಿಯದು. ಆ ವಿಷವೈದ್ಯನ ಆಖ್ಯಾಯಿಕೆ ಉಳಿದುಬಂದಿಲ್ಲ.

ಹೊಸ ಪುಸ್ತಕ ಬೇಕೆಂದು ಹಂಬಲಿಸುವ ವಾಚಕರು ನಮ್ಮ ನಾಡಿನಲ್ಲಿ ವಿರಳರಲ್ಲ. ಅವರು ಹುಡುಕುವುದು ಮಾತ್ರ ಬಹುಮಟ್ಟಿಗೆ ತಾವು ನಡೆದು ಬಲ್ಲ ಬೀದಿಯಲ್ಲಿಯೇ. ಒಬ್ಬ ಗ್ರಂಥಕರ್ತನನ್ನು ಮೆಚ್ಚಿದವರು ಅವನ ಮಿಕ್ಕ ಇಪ್ಪತ್ತು ಗ್ರಂಥಗಳನ್ನು ಓದಿ, ಮುಗಿದ ಮೇಲೆ ಕನ್ನಡದಲ್ಲಿ ಓದುವುದಕ್ಕೆ ಏನಿದೆ ಎಂದು ನಿಟ್ಟುಸಿರು ಬಿಡುತ್ತಾರೆ. ಪತ್ರಿಕೆಗಳ ವಿಮರ್ಶೆಯಿಂದ ಪ್ರಯೋಜನ ಸ್ವಲ್ಪವೇ. ಎಲ್ಲವನ್ನೂ ಹೊಗಳುವ ವಿಮರ್ಶೆ ಯಾವುದನ್ನೂ ತೋರಿಸಿಕೊಡದು. ಇದಕ್ಕಿಂತ ಉತ್ತಮವಾದ ಉಪಾಯವೊಂದುಂಟು. ಓದಿ ಮುಗಿಸಿದ ಕಾದಂಬರಿಯಲ್ಲಿ ಕಾಣಿಸಿಕೊಂಡೂ ತಮ್ಮ ಮಾತನ್ನು ತಾವೇ ಆಡದೆ ಉಳಿದವರು ಯಾರೆಂದು ಕೇಳಿಕೊಂಡು, ಅಂಥವರು ಬರೆದ ಪುಸ್ತಕವನ್ನು ಹುಡುಕಬೇಕು.

1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ತರುಣ ವಿಧವೆಯೊಬ್ಬಳು ಓದುಬರಹ ಕಲಿತು ಮರುವಿವಾಹವಾಗುತ್ತಾಳೆ. ಬರೆದವರು ಸಹೃದಯರು, ಆದರೆ ಗಂಡಸರು. 1913ರ ‘ಸುಶೀಲೆ’ಯನ್ನು ಬರೆದವರು ನಂಜನಗೂಡಿನ ತಿರುಮಲಾಂಬ, ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಕಟ್ಟಿ ನಡೆಸಿದವರು. ಸುಶೀಲೆಯ ಪಾತಿವ್ರತ್ಯದ ಆದರ್ಶವು ಇಂದಿನವರಿಗೆ ಹಳತೆಂದು ತೋರೀತು. ತೋರಲಿ. ವಿಧವೆಯೊಬ್ಬಳು ತಾನೇ ಲೇಖನಿ ಹಿಡಿದಾಗ ಸುಧಾರಕರು ಬಯಸಿದುದನ್ನೇ ಬರೆಯಬೇಕೆಂಬ ಕಟ್ಟಳೆಯೇನೂ ಇಲ್ಲವಷ್ಟೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಎಲ್ಲರೂ ಓದಿರುವ ಗ್ರಂಥ. ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಸೆ ಕೈಗೂಡುವುದಿಲ್ಲ. ಅವನ ದುಃಖಕ್ಕೆ ದುಡಿಯೇ ಬಾಯಿ. ಅದನ್ನು ಓದಿದವರು ಕಾರಂತರ ಆತ್ಮಕಥೆಯಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ (1948) ಎಂಬುದಕ್ಕೆ ಹೋಗುವುದು ಸಹಜ, ಉಚಿತವೂ ಹೌದು. ಆದರೆ ಅಲ್ಲಿಗೆ ನಿಂತರೆ ಕಂಡವರ ಮಾತಷ್ಟೇ ದೊರೆತಂತಾಯಿತು. ಕೇರಿಯೊಳಗಿನಿಂದಲೇ ಎದ್ದ ಮಾತನ್ನು ಕೇಳಬೇಕಾದರೆ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನೂ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಎಂಬುದನ್ನೂ ಓದಬೇಕು. ಮೊದಲನೆಯದರಲ್ಲಿ ನಗೆ ಹೆಚ್ಚು. ಆ ನಗೆಯನ್ನು ನಗುತ್ತಲೇ ಓದುಗನಿಗೆ ಎಲ್ಲಿಯೋ ಚುರುಕೆನ್ನುತ್ತದೆ.

ಎರಡನೆಯದರ ವಿಷಯದಲ್ಲಿ ಒಂದು ಸಂಗತಿ. ಚಿಕ್ಕ ಪಟ್ಟಣವೊಂದರ ಗ್ರಂಥಾಲಯದಲ್ಲಿ, ಸರಕಾರಿ ಕಚೇರಿಯ ಗುಮಾಸ್ತರನ್ನು ಕುರಿತ ವಿನೋದದ ಪುಸ್ತಕವಿರಬೇಕೆಂದು ಶೀರ್ಷಿಕೆಯನ್ನು ನಂಬಿ, ವೃದ್ಧ ವಿದ್ವಾಂಸರೊಬ್ಬರು ಅದನ್ನು ಮನೆಗೆ ಒಯ್ದರು. ಮೀಸಲಾತಿಯಿಂದ ಓದಿ ಮುಂದೆ ಬಂದ ದಲಿತರನ್ನು ಹಂಗಿಸುವ ಮಾತು ಅದೆಂಬುದು ಅವರಿಗೆ ಪುಟ ತಿರುವಿದ ಮೇಲೆಯೇ ತಿಳಿದುದು. ಗಡುವು ಮುಗಿದರೂ ಪುಸ್ತಕ ಹಿಂದಕ್ಕೆ ಬರಲಿಲ್ಲ.

“ಪಂಡಿತರೆ, ಚಿಕ್ಕ ಪುಸ್ತಕವಲ್ಲವೆ ಅದು?” ಎಂದನು ಗ್ರಂಥಾಲಯದ ಜವಾನ.

“ಚಿಕ್ಕದೇ ಅಪ್ಪಾ. ಮುಗಿಯುತ್ತಿಲ್ಲ.”

ಅಸ್ಪೃಶ್ಯತೆಯನ್ನು ಉಂಡ ಹುಡುಗನ ಶಾಲೆಯ ದಿನಗಳು ಅದರಲ್ಲಿವೆ. ವಿದ್ವಾಂಸರು ತಮ್ಮ ಪಾಠಶಾಲೆಯಲ್ಲಿ ಜೊತೆಗೆ ಕುಳಿತವರ ಹೆಸರುಗಳನ್ನು ಮನಸ್ಸಿನಲ್ಲಿ ಎಣಿಸಿದರಂತೆ. ಎಲ್ಲ ಹೆಸರುಗಳೂ ನೆನಪಿಗೆ ಬಂದುವು, ಗೋತ್ರಗಳ ಸಹಿತವಾಗಿ. ಪಾಠಶಾಲೆಯ ಅಂಗಳವನ್ನು ದಿನವೂ ಗುಡಿಸುತ್ತಿದ್ದವನ ಹೆಸರು ಮಾತ್ರ ಬರಲಿಲ್ಲ. ಅವನಿಗೂ ಒಬ್ಬ ಮಗನಿದ್ದನು. ಬೇಲಿಯ ಆಚೆಗೆ ನಿಂತು ಶಬ್ದರೂಪಾವಳಿಯನ್ನು ಕೇಳುತ್ತಿದ್ದುದು ಉಂಟು.

ಮುಂದೆ ಅವರು ಕೇಳಿದುದು ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು. 1984ರ ಈ ಕಾದಂಬರಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತೆಳ್ಳನೆಯ ಪುಸ್ತಕ, ಇರುಳಿನಲ್ಲಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ಮಾತನಾಡಿಕೊಳ್ಳುವ ಭಾಗವನ್ನು ಬಾಣನು ಕಂಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದನು. ತಿರುಮಲಾಂಬನವರು ಗ್ರಂಥಮಾಲೆ ನಡೆಸಿದ ಅದೇ ನಂಜನಗೂಡು ಸೀಮೆಯ ಆಡುಮಾತೇ ಇದರ ಭಾಷೆಯೆಂಬುದು ಚಮತ್ಕಾರ. ಅರ್ಧ ಪುಟದ ಸಮಾಸವನ್ನು ಉಸಿರು ಬಿಡದೆ ಬಿಡಿಸಬಲ್ಲ ವಿದ್ವಾಂಸರು ಇಲ್ಲಿ ಮೊದಲನೆಯ ಪುಟದಲ್ಲಿಯೇ ನಿಂತುಬಿಟ್ಟರು. ಹರ್ಷಚರಿತಕ್ಕಾದರೆ ಶಂಕರನ ‘ಸಂಕೇತ’ವೆಂಬ ವ್ಯಾಖ್ಯಾನವಿದೆ. ಇದಕ್ಕೆ ಯಾರನ್ನು ಕೇಳುವುದು?

ಜವಾನನು ಆ ಸೀಮೆಯವನು. ಮಧ್ಯಾಹ್ನ ಜನ ಕಡಮೆಯಾದ ಹೊತ್ತಿನಲ್ಲಿ ಅವನು ಗಟ್ಟಿಯಾಗಿ ಓದುವುದೆಂದೂ, ತಿಳಿಯದ ಮಾತು ಬಂದಾಗ ವಿದ್ವಾಂಸರು ಕೈ ಎತ್ತುವುದೆಂದೂ ಗೊತ್ತಾಯಿತು. ಕಣ್ಣಿಗೆ ಒಡೆಯದ ಮಾತು ಕಿವಿಗೆ ತಾನಾಗಿಯೇ ಒಡೆಯಿತು. ಮೊದಲ ದಿನ ಹತ್ತು ಸಲ ಎತ್ತಿದ ಕೈ ಮೂರನೆಯ ದಿನ ಎರಡೇ ಸಲ ಎದ್ದಿತು. ಒಮ್ಮೆ ಅವರು ಒಂದು ಪದಕ್ಕೆ ಸಂಸ್ಕೃತಮೂಲವನ್ನು ಊಹಿಸಿ ಹೇಳಲು, ಅವನು ನಕ್ಕು, “ಅದು ಹಂಗಲ್ಲ ಪಂಡಿತರೆ, ನಮ್ಮವ್ವ ಹೇಳೋದೇ ಬೇರೆ,” ಎಂದು ತಾಯಿ ಆಡುವ ಬಗೆಯನ್ನು ಆಡಿ ತೋರಿಸಿದನು. ವಿದ್ವಾಂಸರು ಅದನ್ನು ಪುಸ್ತಕದ ಅಂಚಿನಲ್ಲಿ ಬರೆಯಹೋಗಿ, ಗ್ರಂಥಾಲಯದ ಪುಸ್ತಕವೆಂದು ನೆನಪಾಗಿ, ತಮ್ಮ ಪಂಚಾಂಗದ ಹಿಂಬದಿಯಲ್ಲಿ ಗುರುತು ಹಾಕಿಕೊಂಡರು. ಆ ದಿನ ಹನ್ನೆರಡು ಪುಟಗಳಾದುವು.