ಐನಾಪುರದ ಚಳಿಯಲ್ಲಿ ಮುನಿದ ಮೋಟಾರು

ಕೃಷ್ಣಾ ತೀರದ ಬಯಲಿನಲ್ಲಿ ಪುಷ್ಯಮಾಸದ ಬೆಳಗು ತಡವಾಗಿಯೇ ಹರಿಯುತ್ತದೆ. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಐನಾಪುರದಲ್ಲಿ ಆ ಹೊತ್ತಿಗೆ ಕಬ್ಬಿನ ತೋಟಗಳ ಮೇಲೆ ಮಂಜು ಮಲಗಿರುತ್ತದೆ. 1939ರಲ್ಲಿ ಸ್ಥಾಪನೆಗೊಂಡ ಕಂಪನಿಯ ಸಕ್ಕರೆ ಕಾರ್ಖಾನೆ ಸಮೀಪದ ಉಗಾರ ಖುರ್ದದಲ್ಲಿದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅತ್ತ ತೆವಳುತ್ತಿರುತ್ತವೆ.

ಇಂಥದೊಂದು ಮುಂಜಾವಿನಲ್ಲಿ ಊರಿನ ಮನೆಯೊಂದರ ಅಂಗಳದಲ್ಲಿ ಪೆಟ್ರೋಲು ಕಾರೊಂದು ಮುನಿದು ನಿಂತಿತ್ತು. ಒಳಗೆ ಕಂಬಳಿ ಹೊದ್ದ ವೃದ್ಧೆ. ಒಂಬತ್ತು ಗಂಟೆಗೆ ಮಿರಜಿನಲ್ಲಿ ಆಕೆಯ ಕಣ್ಣಿನ ಶಸ್ತ್ರಕ್ರಿಯೆ. ಎರಡು ಬಾರಿ ಮುಂದಕ್ಕೆ ಹೋಗಿ ಕೊನೆಗೆ ಕೂಡಿಬಂದಿದ್ದ ದಿನ ಅದು. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಈ ಸೀಮೆಯ ಜನಕ್ಕೆ ಮಿರಜೆಂದರೆ ವೈದ್ಯರ ಊರೇ ಆಗಿದೆ.

ಮಗನು ಕೀಲಿ ತಿರುವಿದಾಗಲೆಲ್ಲ 'ಕಟ್ ಕಟ್' ಎಂಬ ಸದ್ದು ಮಾತ್ರ. ಹತ್ತನೆಯ ಸಲಕ್ಕೆ ನೆರೆಮನೆಯ ಮುದಿ ಮಿಸ್ತ್ರಿ ಕೈಯೆತ್ತಿದನು: "ಸೆಲ್ಫ್ ಹೊಡೀಬ್ಯಾಡೋ ತಮ್ಮಾ, ಉಳಿದಿದ್ದೂ ಹೋಗ್ತೈತಿ."

ಬಲ್ಲವನು ಮೊದಲು ಬಾನೆಟ್ಟು ತೆರೆಯುವುದಿಲ್ಲ, ಕಿವಿಗೊಡುತ್ತಾನೆ. ಎಂಜಿನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷ ಪೆಟ್ರೋಲಿನಲ್ಲೋ ಕಿಡಿ ಹಾರಿಸುವ ಪ್ಲಗ್ಗಿನಲ್ಲೋ ಇದ್ದೀತು. ತಿರುಗಲಾರದೆ ನರಳಿದರೆ, ಇಲ್ಲವೆ ಬರಿದೆ ಕಟಗುಟ್ಟಿದರೆ, ಸಂಶಯ ಬ್ಯಾಟರಿಯತ್ತ ಹೊರಳಬೇಕು. ಮಿಸ್ತ್ರಿ ದೀಪ ಹಚ್ಚಿಸಿ ಮತ್ತೊಮ್ಮೆ ಕೀಲಿ ತಿರುವಿಸಿದನು. ದೀಪ ಸಾಯುವ ಹಣತೆಯಂತೆ ಕೆಂಪಾಯಿತು. ಅದು ಪ್ರಜ್ವಲಿಸುತ್ತಲೇ ಇದ್ದಿದ್ದರೆ ಸ್ಟಾರ್ಟರನ್ನು ಬಿಚ್ಚಬೇಕಾಗುತ್ತಿತ್ತು; ಆ ಕೆಲಸ ಒಂಬತ್ತರೊಳಗೆ ಮುಗಿಯುವಂಥದಲ್ಲ.

ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಪುಡಿ ಹೆಪ್ಪುಗಟ್ಟಿತ್ತು. ಋಣದ ತಂತಿಯನ್ನು ಮೊದಲು ಬಿಚ್ಚಿ, ತಿನ್ನುವ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ ಬಿಗಿದದ್ದಾಯಿತು. ಕಾರು ಜಪ್ಪಯ್ಯ ಎನ್ನಲಿಲ್ಲ. ಮೀಟರು ಹಿಡಿದರೆ, ತುಂಬಿದ್ದಾಗ 12.6 ವೋಲ್ಟು ತೋರಬೇಕಾದುದು 12ಕ್ಕೂ ಕೆಳಗಿತ್ತು.

"ಥಂಡಿಗೆ ನನ್ನ ಮೊಳಕಾಲಿನಂಗ ಅದೂ ಹಿಡಕೊಂಡೈತೇನಪಾ?" ಎಂದು ವೃದ್ಧೆ ಕೇಳಿದಳು.

"ಥಂಡಿದು ಹೆಸರಷ್ಟರೀ ಕಾಕೂ. ಮಾಡಿದ್ದು ಬ್ಯಾಸಗಿ."

ಮಿಸ್ತ್ರಿಯ ಮಾತು ಸುಳ್ಳಲ್ಲ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುವುದೂ, ಎಂಜಿನ್ನಿನ ಎಣ್ಣೆ ಮಂದವಾಗಿ ಹೆಚ್ಚು ಬಲ ಬೇಡುವುದೂ ನಿಜವೇ. ಆದರೆ ಹತ್ತು-ಹನ್ನೆರಡು ಡಿಗ್ರಿಯ ಚಳಿ ಆರೋಗ್ಯವುಳ್ಳ ಬ್ಯಾಟರಿಯನ್ನು ಮಣಿಸಲಾರದು. ವೈಶಾಖದ ನಲವತ್ತು ಡಿಗ್ರಿಯ ಉರಿಯಲ್ಲಿ ಅದರ ನೀರು ಆರಿ, ಸೀಸದ ಫಲಕಗಳು ಸವೆದಿರುತ್ತವೆ. ಪುಷ್ಯ ಬಂದು ಗುಟ್ಟು ಬಯಲು ಮಾಡುತ್ತದೆ. ಈ ಕಾರಂತೂ ಸಂತೆಗೆ ಹೋಗಿಬರುವುದಕ್ಕಷ್ಟೇ ಹೊರಡುತ್ತಿತ್ತು. ಅಷ್ಟು ಅಲ್ಪ ಓಟದಲ್ಲಿ ಖರ್ಚಾದ ವಿದ್ಯುತ್ತು ಮರಳಿ ತುಂಬದು.

1912ರಲ್ಲಿ ಅಮೆರಿಕದ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿಗೆ ಬರುವ ಮುನ್ನ ಕೈಹಿಡಿ ತಿರುವಿಯೇ ಎಂಜಿನ್ನನ್ನು ಎಬ್ಬಿಸುತ್ತಿದ್ದರು. ಅದು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಈಗಿನ ಕಾರುಗಳಿಗೆ ಆ ಅಪಾಯವಿಲ್ಲ, ಆ ಉಪಾಯವೂ ಇಲ್ಲ.

ಉಪಾಯ ಬೀದಿಯಲ್ಲೇ ಬಂದಿತು. ಕಬ್ಬಿನ ಟ್ರ್ಯಾಕ್ಟರೊಂದನ್ನು ತಡೆದು ನಿಲ್ಲಿಸಿದರು. ಅದರದೂ 12 ವೋಲ್ಟಿನ ಬ್ಯಾಟರಿಯೇ. ಕೆಂಪು ತಂತಿಯನ್ನು ಧನಕ್ಕೆ ಧನವಾಗಿ ಸೇರಿಸಿ, ಕರಿಯ ತಂತಿಯ ಒಂದು ತುದಿಯನ್ನು ಟ್ರ್ಯಾಕ್ಟರಿನ ಋಣಕ್ಕೂ, ಇನ್ನೊಂದನ್ನು ಕಟ್ಟಕಡೆಗೆ ಕಾರಿನ ಎಂಜಿನ್ನಿನ ಬರಿಗಬ್ಬಿಣಕ್ಕೂ ಕಚ್ಚಿಸಿದನು ಮಿಸ್ತ್ರಿ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಾಗಬಾರದೆಂಬುದೇ ಈ ಎಚ್ಚರಿಕೆಯ ಕಾರಣ. ಐದು ನಿಮಿಷ ಕಾದು ಕೀಲಿ ತಿರುವಿದರು. ಕಾರು ಒಮ್ಮೆ ಕೆಮ್ಮಿ, ಗುಡುಗಿ, ಎದ್ದಿತು.

"ಮಿರಜ ಮುಟ್ಟೂತನಕ ಬಂದ್ ಮಾಡಬ್ಯಾಡ," ಎಂದನು ಮಿಸ್ತ್ರಿ.

ಕಾಗವಾಡ ದಾಟಿ, ಗಡಿಯಾಚೆಯ ಮ್ಹೈಸಾಳ ಹಿಂದಾಗುವಷ್ಟರಲ್ಲಿ ಬಿಸಿಲು ಏರಿತ್ತು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮಗನು ಎಂಜಿನ್ನು ನಿಲ್ಲಿಸದೆಯೇ ತಾಯಿಯನ್ನು ಆಸ್ಪತ್ರೆಯ ಮೆಟ್ಟಿಲ ಬಳಿ ಇಳಿಸಿ, ಹೆಂಡತಿಯ ಕೈಗೊಪ್ಪಿಸಿ, ಬ್ಯಾಟರಿಯ ಅಂಗಡಿಯನ್ನು ಹುಡುಕಿ ಹೊರಟನು.