ಅವಳು ಬಲ್ಲ ಲೆಕ್ಕ
ಆಳಂದ ತಾಲ್ಲೂಕಿನ ಖಜೂರಿಯಲ್ಲಿ ಬೋಧನಾಭ್ಯಾಸ ಮಾಡುವಾಗ ನನ್ನ ಎಂಟನೇ ತರಗತಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳಿದ್ದಳು. ಮನೆಮಂದಿಗೆಲ್ಲ ರೊಟ್ಟಿ ಬಡಿದು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ‘ಪಾಪ, ಅವ್ವ ಇಲ್ಲದ ಕೂಸು’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು.

ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಆತ್ಮಗೌರವ ಮಾಪನಿಯ 10 ಹೇಳಿಕೆಗಳಲ್ಲಿ ಒಂದು, ಇತರರಷ್ಟೇ ಚೆನ್ನಾಗಿ ಕೆಲಸ ಮಾಡಬಲ್ಲೆ ಎಂಬ ನಂಬಿಕೆಯನ್ನು ಅಳೆಯುತ್ತದೆ. ಕನಿಕರ ಆ ನಂಬಿಕೆಯನ್ನೇ ಕುಗ್ಗಿಸುತ್ತದೆ ಎನಿಸಿತು.

ನೇರ ಅನುಪಾತದ ಪಾಠದಲ್ಲಿ, ಒಂದು ಕಿಲೋ ಜೋಳದ ಹಿಟ್ಟಿಗೆ ಎಷ್ಟು ರೊಟ್ಟಿಯೆಂದು ಕೇಳಿದೆ. ‘ತೆಳ್ಳಗ ಬಡದ್ರ ಹದಿನೈದು ಆಗ್ತಾವ್ರಿ ಟೀಚರ್’ ಎಂದಳು. ಅದನ್ನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಂದುವರಿಸಿದೆ. ಮುಂದಿನ ಲೆಕ್ಕಕ್ಕೆ ಅವಳೇ ಕೈ ಎತ್ತಿದಳು.

ತಾಯಿಯ ಜಾಗವನ್ನು ಶಾಲೆ ತುಂಬಲಾರದು. ಅವಳು ಬಲ್ಲದ್ದಕ್ಕೆ ಪಾಠಯೋಜನೆಯಲ್ಲಿ ಜಾಗ ಕೊಡಬಹುದು.